ಸಮೀಕರಣದೊಳಗೆ ಸೇರಿದ ಶ್ರೀ

ಹಾಳೆಯ ತಲೆಯ ಮೇಲೆ ಶ್ರೀ ಬರೆಯದೆ ಧರ್ಮಣ್ಣ ಕಿರಾಣಿ ಚೀಟಿಯನ್ನೂ ಬರೆದವನಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಪುಣೆ ಪಕ್ಕದ ಭೋಸರಿಯ ಈರಬಸಪ್ಪನವರ ಕಾರ್ಖಾನೆಯಲ್ಲಿ ಅವನು ಹಂಗಾಮಿ ಎಂಜಿನಿಯರು. ಅಲ್ಲಿನ ಹೊಸ ಪ್ರೆಸ್ ಯಂತ್ರ ಚಳಿಜ್ವರ ಬಂದ ಎಮ್ಮೆಯಂತೆ ನಡುಗುತ್ತಿತ್ತು.

"ಸಂಜಿಯೊಳಗ ಈ ನಡುಕದ ಲೆಕ್ಕ ಬಿಡಿಸಿ ತರ್ರಿ, ನಿಮ್ಮ ನೌಕರಿ ಕಾಯಂ," ಎಂದಿದ್ದರು ಮಾಲೀಕರು.

ಪುಣೆಯ ಒಂದು ಕಾಲೇಜಿಗೆ, ಇಂಥ ನಡುಕದ ಲೆಕ್ಕಕ್ಕೆ ಬೇಕಾಗುವ ಅವಕಲ ಸಮೀಕರಣಗಳನ್ನು ಅಂಕಿಗಳಿಲ್ಲದೆ ಬರೀ ಅಕ್ಷರಗಳಲ್ಲೇ ಬಿಡಿಸುವ ಕಂಪ್ಯೂಟರ್ ಬಂದಿತ್ತು. ಧರ್ಮಣ್ಣ ಹೊರಟ. ನಕ್ಷೆ ಬರೆಯುವ ಸುಬ್ಬಯ್ಯ, ಗೋದಾಮಿನ ಅವ್ವಣ್ಣ ಕರೆಯದೆಯೇ ಜೊತೆಗೆ ಬಂದರು.

ಧರ್ಮಣ್ಣ ಕಂಪ್ಯೂಟರಿನ ಮುಂದೆ ಕೂತು ಕೈಮುಗಿದು, ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಎಂದು ಒತ್ತಿದ, ಆಮೇಲೆ ಸಮೀಕರಣ. ಯಂತ್ರ ತಪ್ಪೆಂದಿತು.

"ಆ ಶ್ರೀ ತಗೀರಿ," ಎಂದ ಅವ್ವಣ್ಣ.

"ಬರದ ಶ್ರೀ ಅಳಸೂದ? ಆಗೂದ ಇಲ್ಲ."

"ಹಾಗಾದರೆ ನಡುವೆ ಒಂದು ಪ್ಲಸ್ ಹಾಕಿ ಮಾರಾಯ್ರೆ," ಎಂದ ಸುಬ್ಬಯ್ಯ. "ದೇವರನ್ನು ಕೂಡಿಸಿದರೆ ನಷ್ಟ ಉಂಟಾ?"

ಯಂತ್ರ ಒಪ್ಪಿತು. ಅದಕ್ಕೆ ಗುರುತಿಲ್ಲದ ಹೆಸರೆಲ್ಲ ಒಂದೊಂದು ಅಜ್ಞಾತ ರಾಶಿ. ಶ್ರೀಯನ್ನೂ ಒಳಗೆ ಸೇರಿಸಿಕೊಂಡೇ ಬಿಡಿಸಿತು. ಮದುವೆಯ ಪಂಕ್ತಿಯಂತೆ ಉದ್ದಕ್ಕೆ ಹೊರಬಂದ ಕಾಗದದ ಸಾಲುಸಾಲಿನಲ್ಲೂ ಶ್ರೀ!

"ಶ್ರೀ ಅಂದ್ರ ಸೊನ್ನಿ ಅಂತ ಒತ್ತಿಬಿಡ್ರಿ, ಎಲ್ಲಾ ಹೋಗ್ತಾವ," ಎಂದ ಅವ್ವಣ್ಣ.

ಧರ್ಮಣ್ಣ ಕಿವಿ ಮುಚ್ಚಿಕೊಂಡ. "ದೇವರು ಸೊನ್ನಿ ಅಂತ ನಾ ಬರೀಲೇನು? ನೌಕರಿ ಹೋದ್ರೂ ಚಿಂತಿಲ್ಲ!"

"ಒಂದು ಅಂತ ಹಾಕಿ. ದೇವರು ಒಬ್ಬನೇ ಅಲ್ವಾ?"

"ಉತ್ತರ ತಪ್ಪತದಲ್ರಿ ಸುಬ್ಬಯ್ಯ!"

ಅಷ್ಟರಲ್ಲಿ ಹಿಂದೆ ಕಾಯುತ್ತಿದ್ದವರು "ಉಠಾ ಆತಾ!" ಎಂದು ಎಬ್ಬಿಸಿಯೇಬಿಟ್ಟರು.

ಧರ್ಮಣ್ಣ ಸೋಲಲಿಲ್ಲ. ಕಾಲೇಜಿನ ಮೆಟ್ಟಿಲ ಮೇಲೆ ಕೂತ. ಮತ್ತೆ ಎಡವಟ್ಟಾಗದಿರಲೆಂದು, ಜನ್ಮದಲ್ಲಿ ಮೊದಲ ಸಲ ಹಾಳೆಯ ತಲೆಯ ಮೇಲೆ ಏನೂ ಬರೆಯದೆ, ಊಟ ಬಿಟ್ಟು, ಇಡೀ ಸಮೀಕರಣವನ್ನು ಕೈಯಿಂದಲೇ ಬಿಡಿಸಿದ. ಯಾವ ಸ್ಪ್ರಿಂಗ್ ಹಾಕಿದರೆ ನಡುಕ ನಿಲ್ಲುತ್ತದೆಂದು ಖಚಿತವಾಯಿತು.

ಸಂಜೆ ಮಾಲೀಕರ ಮುಂದೆ ಅವನು ತನ್ನ ಹಾಳೆ ಇಟ್ಟ. ಯಾರೂ ಕೇಳದಿದ್ದರೂ ಅವ್ವಣ್ಣ ಕಂಪ್ಯೂಟರಿನ ಕಾಗದವನ್ನೂ ಪಕ್ಕದಲ್ಲಿ ಹಾಸಿದ. ಈರಬಸಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಧರ್ಮಣ್ಣನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಲೆಕ್ಕ ಸರಿ ಅದ ರೀ, ಸಾಹೇಬ್ರ," ಎಂದ ಧರ್ಮಣ್ಣ.

"ಇರಬಹುದು. ನೀವು ಹೇಳಿದ ಸ್ಪ್ರಿಂಗೇ ಹಾಕಸ್ತೀನಿ. ಆದ್ರ ಜೀವಿಲ್ಲದ ಮಷೀನು ಸಾಲಿಗೊಮ್ಮೆ ಶ್ರೀ ಅಂದದ. ನಿಮ್ಮ ಹಾಳ್ಯಾಗ ಹುಡುಕಿದ್ರೂ ಒಂದಿಲ್ಲ." ಅವರು ನಿಟ್ಟುಸಿರಿಟ್ಟರು. "ನಾಸ್ತಿಕರನ್ನ ನಾ ಕಾಯಂ ಮಾಡಂಗಿಲ್ಲ, ಧರ್ಮಣ್ಣ."