ರಿಪೋರ್ಟಿನಲ್ಲಿ ಸಿಕ್ಕ ಪರಿಚಯಸ್ಥ

ಅಂದು ಏನೇನು ಕೆಡಬಹುದು ಎಂಬುದನ್ನು ನಾನು ಹಿಂದಿನ ವಾರವೇ ಯೋಚಿಸಿ ಮುಗಿಸಿದ್ದೆ. ಹಾವೇರಿಯಿಂದ ಹೊರಟ ನನ್ನ ಬಸ್ಸು ಮೋಟೆಬೆನ್ನೂರಿನ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ರಾಣೆಬೆನ್ನೂರಿನ ಡಾಕ್ಟರು ರಜೆ ಹಾಕಿರಬಹುದಿತ್ತು. ರಿಪೋರ್ಟಿನ ಮೇಲೆ ಬೇರೆ ಯಾರದೋ ಹೆಸರಿರಬಹುದಿತ್ತು. ಬ್ಯಾಡಗಿಯಿಂದ ಅಣ್ಣ ಬಾರದೇ ಇರಬಹುದಿತ್ತು. ಬಂದರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ತಿರುಗಿ ಕುಸಿಯಬಹುದಿತ್ತು. ಅವನ ಹೆಂಡತಿ, ನಮ್ಮ ವೈನಿ, ಅಳಬಹುದಿತ್ತು. ಅವರಿಗಿಂತ ಮೊದಲು ನಾನೇ ಅಳಬಹುದಿತ್ತು. ಅದಕ್ಕೆಂದೇ ಚೀಲದಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡಿದ್ದೆ. ಚಿಂತೆಯಲ್ಲಿ ನಾನು ಬಲು ಅಚ್ಚುಕಟ್ಟು.

ಕಾಲೇಜಿನ ಪ್ರಯೋಗಾಲಯದಲ್ಲೂ ಹಾಗೆಯೇ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಒಂದು ಜೀನಿನ ಹಿಂದೆ ಬಿದ್ದಿದ್ದೇನೆ. ಬೆಳೆಯಬೇಕು ಎಂದು ಹೊರಗಿನಿಂದ ಸಂದೇಶ ಬಂದಾಗ ಜೀವಕೋಶದೊಳಗೆ ಹೊತ್ತಿಕೊಂಡು, ಕೆಲಸ ಮುಗಿದೊಡನೆ ಆರಬೇಕಾದ ಸ್ವಿಚ್ಚು ಅದು. ಕೆಲವೊಮ್ಮೆ ಆರುವುದಿಲ್ಲ; ಆಗ ಕೋಶಗಳು ಬೆಳೆಯುತ್ತಲೇ ಹೋಗಿ ಗಂಟಾಗುತ್ತವೆ. ಏಕೆ ಆರುವುದಿಲ್ಲ ಎಂದು ತಟ್ಟೆಗಳಲ್ಲಿ ಕೋಶ ಬೆಳೆಸಿ ನೋಡುತ್ತ ನೋಡುತ್ತ ನನ್ನ ತಲೆ ನರೆಯಿತು. ಒಮ್ಮೆ ವೈನಿಗೆ ಇದನ್ನು ವಿವರಿಸಿದೆ. ಅವರು ಅರ್ಧ ಕೇಳಿ, ಇಷ್ಟು ವರ್ಷ ಕಾಯುವ ಬದಲು ವೈರ್‌ಮನ್ನನ್ನು ಕರೆಸಬಾರದೇ ಎಂದಿದ್ದರು.

ಆ ವಿದ್ಯೆಗೆ ಈಗ ಏಕಾಏಕಿ ಬೆಲೆ ಬಂದಿತ್ತು. ಅಣ್ಣನ ಹೊಟ್ಟೆಯಲ್ಲಿ ಗಂಟು ಕಂಡು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಮೆಣಸಿನಕಾಯಿ ದಲಾಲಿ ಮಾಡುವ ಅಣ್ಣ ಡಾಕ್ಟರುಗಳನ್ನು ನಂಬುವವನಲ್ಲ. "ಅವರು ಏನರ ಅನ್ಲಿ. ನೀ ಓದಿ ಹೇಳು. ನೀ ಹೌದಂದ್ರ ಸೂಜಿ ಹಾಕಿಸ್ಕೊಂತೀನಿ, ಇಲ್ಲಾಂದ್ರ ಪ್ಯಾಟಿಗೆ ಹೊಂಟೆ" ಎಂದಿದ್ದ.

ಬಸ್ಸು ಕೆಡಲಿಲ್ಲ. ಡಾಕ್ಟರು ಇದ್ದರು. ರಿಪೋರ್ಟನ್ನು ನನ್ನ ಕೈಗೇ ಕೊಟ್ಟರು. ಎರಡನೆಯ ಪುಟದ ನಡುವೆ ನನ್ನ ಜೀನಿನ ಹೆಸರಿತ್ತು, ಆರದೆ ಉಳಿದ ಬಗೆಯದು. ನಾನು ಕೊನೆಯ ಸಾಲು ಓದಿ ತಲೆ ಎತ್ತುವಷ್ಟರಲ್ಲಿ ಅಣ್ಣ ಎದ್ದು ನಿಂತು ವೈನಿಗೂ ಏಳಲು ಹೇಳುತ್ತಿದ್ದ. ನಾನು ತಡೆದೆ. ಕ್ಯಾನ್ಸರ್ ಎಂದೆ. ತಡಮಾಡಬಾರದು ಎಂದೆ. ಸ್ವಿಚ್ಚಿನ ಕಥೆಯನ್ನೂ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, ಸಣ್ಣವಳಿದ್ದಾಗ ಮಾಡುತ್ತಿದ್ದಂತೆ ನನ್ನ ತಲೆ ಸವರಿದ.

"ಈಗ ಅನ್ನೋದು ಡಾಕ್ಟರ್ ಮುಂದ ಅನಬೇಕಂತ ಅನ್ನಾಕತ್ತಿ, ತಂಗಿ. ಕಾಗದ ನೋಡಿದ ಕೂಡ್ಲೆ ನಕ್ಕಿಯಲ್ಲ, ಅದು ಖರೇ."

ಅಲ್ಲಿಂದ ನೇರ ಬ್ಯಾಡಗಿಯ ಬಸ್ಸು ಹತ್ತಿದ. ಅವನನ್ನು ಮತ್ತೆ ಅದೇ ಆಸ್ಪತ್ರೆಗೆ ಕರೆತರಲು ಹನ್ನೊಂದು ದಿನ ಹಿಡಿಯಿತು. ಈಗ ಕಿಮೋ ಸೂಜಿ ನಡೆದಿದೆ. ಆ ಹನ್ನೊಂದು ದಿನ ಗಂಟು ಏನು ಮಾಡುತ್ತಿತ್ತು ಎಂಬುದನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ.

ನಕ್ಕಿದ್ದು ನಿಜ. ಗಂಟಿನ ಅಳತೆ, ಬಣ್ಣ, ಅಂಚು ಎಂಬ ವಿವರಗಳ ನಡುವೆ ಆ ಒಂದು ಹೆಸರು ಕಂಡೊಡನೆ, ಗೊತ್ತಿಲ್ಲದ ಊರಿನಲ್ಲಿ ನಮ್ಮ ಕಡೆಯವರು ಸಿಕ್ಕಂತೆ ನನ್ನ ಮುಖ ತಾನಾಗಿ ಅರಳಿತ್ತು.