ಫೋಟೋ ಹಿಂದಿನ ಹುಳ

ಕುದಾಪುರದ ಹುಲ್ಲಿನ ಕಾವಲಿನಲ್ಲಿ ನನಗೆ ಕೆಲಸ. ಕುರಿ ಕಾಯುತ್ತಿದ್ದವನು ಹುಳ ಕಾಯಲು ಬಂದೆ. ಇಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಮೈ ಜುಮ್ಮೆನ್ನುತ್ತದೆ. ನಗು ಆಮೇಲೆ ಬರುತ್ತದೆ.

೧. ಬಿಳಿ ಡೇರೆ

ಹುಳ ಓದಿದ ಮೇಡಂ ಒಬ್ಬರು ಬಯಲಲ್ಲಿ ಬಿಳಿ ಬಲೆಯ ಡೇರೆ ಕಟ್ಟಿಸಿದ್ದಾರೆ. ತುದಿಗೆ ಒಂದು ಬಾಟಲಿ, ಅದರಲ್ಲಿ ಸ್ಪಿರಿಟ್. ಹಾರಿ ಬಂದ ಹುಳ ಬಲೆಗೆ ತಾಗುತ್ತದೆ, ಮೇಲೆ ಮೇಲೆ ಹತ್ತುತ್ತದೆ, ಬಾಟಲಿಗೆ ಬೀಳುತ್ತದೆ. ಕುರಿ ನುಗ್ಗದಂತೆ ನಾನು ಕೂತಿರಬೇಕು.

ಒಂದು ಮಧ್ಯಾಹ್ನ ಗಾಳಿ ಪೂರಾ ನಿಂತಿತ್ತು. ಆದರೂ ಡೇರೆ ಉಸಿರಾಡಿದಂತೆ ಉಬ್ಬಿತು, ತಗ್ಗಿತು. ಬಿ.ಜಿ. ಕೆರೆ ಕಡೆಯ ಕುರಿ ಕಾಯುವ ಅಜ್ಜ ಅದನ್ನು ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದ.

"ಅಜ್ಜ, ದೇವರಲ್ಲ ಅದು. ಹುಳ ಹಿಡಿಯೋ ಬಲೆ" ಅಂದೆ.

"ಒಳಗೆ ಹೋಗಿದ್ದು ಯಾವುದಾದ್ರೂ ವಾಪಸ್ ಬಂದೈತೇನಲೇ?"

"ಇಲ್ಲ."

"ಮತ್ತೆ? ನೀನೂ ಮುಗಿ."

ಮುಗಿದೆ. ಆವತ್ತಿಂದ ಡೇರೆ ಹತ್ತಿರ ಚಪ್ಪಲಿ ಬಿಟ್ಟೇ ಹೋಗುತ್ತೇನೆ. ಮೇಡಂ ಅದನ್ನು ಶಿಸ್ತು ಅಂದುಕೊಂಡಿದ್ದಾರೆ.

೨. ಟೀ ಅಂಗಡಿ

ಆ ಬಾಟಲಿಗೆ ಒಂದು ಸಣ್ಣ ಕಪ್ಪು ಹುಳ ಬಿತ್ತು. ಕಣಜದ ಜಾತಿ. ಮೇಡಂ ಅದರ ಚಿತ್ರ ತೆಗೆದು ತಮ್ಮ ಗುರುಗಳಿಗೆ ಕಳಿಸಿದರು. "ಬೇರೆ ದೇಶದಲ್ಲಿ ಇದೆಯಂತೆ. ನಮ್ಮ ದೇಶದಲ್ಲಿ ಯಾರೂ ಕಂಡಿಲ್ಲ. ಆದರೆ ಇದು ಗಂಡು. ಹೆಣ್ಣು ಸಿಗೋ ತನಕ ಖಾತ್ರಿಯಾಗಿ ಬರೆಯೋಕಾಗಲ್ಲ" ಅಂದರು. ಅದು ಬದುಕುವ ರೀತಿಯನ್ನೂ ಹೇಳಿದರು.

ಚಳ್ಳಕೆರೆಯ ಟೀ ಅಂಗಡಿಯಲ್ಲಿ ನಾನು ಅದನ್ನೇ ಹೇಳಿದೆ. "ಇನ್ನೊಂದು ಹುಳದ ಗೂಡಿಗೆ ಹೋಗಿ ಮೊಟ್ಟೆ ಇಡ್ತೈತೆ. ಇದರ ಮರಿ ಅದರ ಮರೀನ ಜೀವ ಇದ್ದಂಗೇ ತಿಂತೈತೆ. ಕೊನೆಗೆ ಬಾಗಿಲು ಕೊರೆದು ಹೊರಗೆ ಬರೋದು ಇದು."

ಒಬ್ಬ ಕೈಯಲ್ಲಿದ್ದ ಬೋಂಡ ಮುರಿದು ಒಳಗೆ ನೋಡಿದ.

ಟೀ ಸೋಸುತ್ತಿದ್ದವನು ತಲೆ ಎತ್ತಲಿಲ್ಲ. "ನಿಮ್ಮ ಮೇಡಂ ದೇಶ ಎಲ್ಲಾ ಯಾಕೆ ಹುಡುಕ್ತಾರೆ? ನಮ್ಮನೇಲೇ ಐತೆ. ಅಳಿಯ ಅಂತ ಕರೀತೀವಿ."

೩. ಗುಂಯ್

ನನ್ನ ಹೆಂಡತಿ ತೀರಿಹೋಗಿ ವರ್ಷ ತುಂಬಿಲ್ಲ. ಮೊಳಕಾಲ್ಮೂರು ಕಡೆಯವಳು. ಸಿಟ್ಟು ಬಂದರೆ ತೆಲುಗು. ಅವಳ ಫೋಟೋ ಗೋಡೆಗೆ ಓರೆಯಾಗಿ ನೇತುಹಾಕಿದ್ದೆ.

ಒಂದು ಮಧ್ಯಾಹ್ನ ಉಣ್ಣುತ್ತಿದ್ದೆ. ಫೋಟೋ ಗುಂಯ್ ಅಂತು. ತಟ್ಟೆ ಕೆಳಗಿಟ್ಟೆ. "ಏಮೇ?" ಅಂದೆ, ಅವಳ ತೆಲುಗಲ್ಲೇ. ಸದ್ದು ನಿಂತಿತು. ತುತ್ತು ಎತ್ತಿದೆ. ಮತ್ತೆ ಗುಂಯ್.

"ಉಪ್ಪು ಜಾಸ್ತಿ ಆಗೈತೆ. ಗೊತ್ತು" ಅಂದೆ.

ಎದ್ದು ಹೋಗಿ ನೋಡಿದೆ. ಫೋಟೋದ ಬೆನ್ನಿಗೆ ಒಂದು ಕಣಜ ಮಣ್ಣಿನ ಗೂಡು ಕಟ್ಟುತ್ತಿತ್ತು. ಮನೆಯೊಳಗೆ ಅದು ಗೂಡು ಕಟ್ಟಿದರೆ ಆ ಮನೆಯಲ್ಲಿ ಮಗು ಹುಟ್ಟುತ್ತದೆ ಅನ್ನುತ್ತಾರೆ. ನಮಗೆ ಮಕ್ಕಳಿಲ್ಲ. ಎಲ್ಲಿ ಗೂಡಿಗೆ ಅಡ್ಡಿಯಾಗುತ್ತದೋ ಅಂತ ಅವಳು ಗೋಡೆ ಮೂಲೆಗೆ ಪೊರಕೆ ಹಾಕುತ್ತಿರಲಿಲ್ಲ. ಬಂದಿದ್ದು ಈಗ.

ಪಕ್ಕದ ಮನೆ ಅವ್ವ ಗೂಡು ನೋಡಿದಳು. ನನ್ನನ್ನು ನೋಡಿದಳು.

"ಮನೇಲಿ ಇರೋನು ನೀನೊಬ್ಬನೇ. ಹುಳಿ ಗಿಳಿ ತಿನ್ನಂಗಾಗ್ತೈತೇನಪ್ಪ?"

೪. ಹೆರಿಗೆ

ಗೂಡು ಮುಚ್ಚಿತು. ಸದ್ದು ಹೋಯಿತು. ಮನೆ ಮೊದಲಿಗಿಂತ ಖಾಲಿ ಅನ್ನಿಸಿತು.

ಆಮೇಲೊಂದು ದಿನ ಒಂದು ಸಣ್ಣ ಕಪ್ಪು ಹುಳ ಬಂತು. ಬಾಲದಲ್ಲಿ ಸೂಜಿ. ಗೂಡಿನ ಮೇಲೆ ಮೀಸೆ ಬಡಿದು ಬಡಿದು ಆಲಿಸಿತು. ಸೂಜಿ ಇಳಿಸಿತು. ಹೋಯಿತು.

ಮೇಡಂಗೆ ಹೇಳಿದೆ. ಓಡಿ ಬಂದರು. "ಬಾಟಲೀಲಿ ಬಿದ್ದಿದ್ದರ ಜಾತೀನೇ ಇರಬೇಕು. ಗೂಡು ಬಿಡಿಸಿಕೊಂಡು ಹೋಗ್ತೀನಿ."

ಫೋಟೋಗೆ ಅಡ್ಡ ನಿಂತೆ. "ಇಲ್ಲರಿ. ಅವಳು ಜೀವಮಾನ ಕಾದ ಗೂಡು."

"ಹೊರಗೆ ಬರೋದು ಇನ್ನು ಆ ಕಣಜದ ಮರಿ ಅಲ್ಲ. ಅದನ್ನ ತಿನ್ನೋದು."

"ಯಾರದ್ದಾದ್ರೂ ಆಗ್ಲಿ. ಅವಳ ಬೆನ್ನ ಮೇಲೇ ಹುಟ್ಲಿ."

ಮೇಡಂ ಫೋಟೋ ನೋಡಿದರು. ಆಮೇಲೆ ಗೂಡಿಗೆ ಅಲ್ಲೇ ಬಲೆ ಕಟ್ಟಿದರು. ದಿನಾ ಬಂದು ಫೋಟೋ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

ಕೊನೆಗೊಂದು ಮಧ್ಯಾಹ್ನ ಹಿಂದಿನಿಂದ ಕರಕರ ಸದ್ದು. ಉಗುರಿಂದ ಯಾರೋ ಕೆರೆದಂಗೆ. ಅವಳ ಮುಖ ಅಲುಗಿದಂತೆ ಕಂಡಿತು. ಪುಡಿ ಮಣ್ಣು ಉದುರಿತು. ಮೇಡಂ ಗಾಜಿನ ಡಬ್ಬಿ ಹಿಡಿದು, ಲೆನ್ಸು ಕಣ್ಣಿಗಿಟ್ಟು, "ಹೆಣ್ಣು!" ಅಂತ ಕೂಗಿದರು.

ಅವ್ವ ಬಟ್ಟಲಲ್ಲಿ ಸಕ್ಕರೆ ತಂದಳು. ಡಬ್ಬಿಯೊಳಗೆ ಇಣುಕಿದಳು. ಮೀಸೆ, ಸಪೂರ ಸೊಂಟ, ಸೂಜಿ, ಎಲ್ಲ ನೋಡಿದಳು.

"ಯಾರ ಹಂಗೈತೆ ಮೇಡಂ?"

ಮೇಡಂ ಲೆನ್ಸಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ದೇಶದಲ್ಲಿ ಯಾರ ಹಾಗೂ ಇಲ್ಲ ಅವ್ವ."

ಅವ್ವ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

"ಬೇಜಾರು ಮಾಡ್ಕಬ್ಯಾಡ ಕಣಪ್ಪ. ಬೆಳೀತಾ ಬೆಳೀತಾ ನಿನ್ನ ಹಂಗೇ ಆಗ್ತೈತೆ."