ಸತ್ತ ಕಂಪ್ಯೂಟರುಗಳೂ ನಮ್ಮ ಮಾವನೂ

ನಮ್ಮ ಸೋದರಮಾವ ತಮ್ಮ ಕೈಗೆ ಬಂದ ಯಾವ ಕಂಪ್ಯೂಟರನ್ನೂ ಸತ್ತಿದೆ ಎಂದು ಒಪ್ಪಿಕೊಂಡವರಲ್ಲ. ಅವುಗಳಲ್ಲಿ ಎಷ್ಟು ಬದುಕಿದವು ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಹೊನ್ನವಳ್ಳಿಯ ಅವರ ಮನೆಯಲ್ಲಿ, ಕೊಬ್ಬರಿಗೆಂದು ಕಾಯಿ ತುಂಬಿಡಬೇಕಾದ ಅಟ್ಟದ ಮೇಲೆ ಹನ್ನೊಂದು ಹಳೆಯ ಲ್ಯಾಪ್‌ಟಾಪುಗಳು ಮಲಗಿವೆ. "ಅವು ಸತ್ತಿಲ್ಲ ಕಣಪ್ಪ, ಒಳಗೆ ಆಪರೇಟಿಂಗ್ ಸಿಸ್ಟಮ್ ಇಲ್ಲ ಅಷ್ಟೆ" ಎನ್ನುತ್ತಾರೆ. ಉಸಿರಿಲ್ಲ ಅಷ್ಟೆ, ಮಿಕ್ಕಂತೆ ಆರೋಗ್ಯವಾಗಿದ್ದಾರೆ ಎಂದಂತೆ.

ಮಾವ ಒಂದು ಕಾಲದಲ್ಲಿ ತಿಪಟೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಕಂಪ್ಯೂಟರ್ ಬಂದು ಅವರ ಇನ್‌ಸ್ಟಿಟ್ಯೂಟನ್ನು ಮುಚ್ಚಿಸಿತು. ಬೇರೆಯವರಾಗಿದ್ದರೆ ಅದರ ಮೇಲೆ ಹಗೆ ಇಟ್ಟುಕೊಳ್ಳುತ್ತಿದ್ದರು. ಮಾವ ಅದರ ಶುಶ್ರೂಷೆಗೆ ನಿಂತರು. ಬೆರಳುಗಳು ಮಾತ್ರ ಇನ್ನೂ ಟೈಪ್‌ರೈಟರಿನವೇ. ಅವರು ಕೀಬೋರ್ಡ್ ಕುಟ್ಟುವ ಸದ್ದಿಗೆ ಪಕ್ಕದ ಮನೆಯವರು ಭತ್ತ ಕುಟ್ಟುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಕೊರಳಲ್ಲಿ ಶಿವದಾರ, ಅದರ ಪಕ್ಕದಲ್ಲೇ ಇನ್ನೊಂದು ದಾರಕ್ಕೆ ಕಟ್ಟಿದ ಮೂರು ಪೆನ್‌ಡ್ರೈವ್. ಒಮ್ಮೆ ಮಠದಲ್ಲಿ ಸ್ವಾಮಿಗಳ ಪಾದ ಮುಟ್ಟಲು ಬಗ್ಗಿದಾಗ ಅವು ಹೊರಗೆ ಬಂದು ನೇತಾಡಿದವು.

"ಅದೇನಪ್ಪ ಕೊರಳಲ್ಲಿ?" ಎಂದರು ಸ್ವಾಮಿಗಳು.

"ಬೂಟ್ ಆಗೋ ಪೆನ್‌ಡ್ರೈವ್ ಬುದ್ಧಿ. ಕಂಪ್ಯೂಟರು ತಾನಾಗಿ ಏಳಕ್ಕಾಗ್ದೆ ಬಿದ್ದೋದಾಗ ಇದನ್ನ ಸಿಗಿಸಿದ್ರೆ ಹೊರಗಿಂದ ಪ್ರಾಣ ಬತ್ತದೆ. ಆಮೇಲೆ ಒಳಗೆ ಹೊಸ ಸಿಸ್ಟಮ್ ಕೂರಿಸ್ಬೋದು."

ಸ್ವಾಮಿಗಳು ಆ ಮೂರನ್ನೂ ಕೈಯಲ್ಲಿ ಹಿಡಿದು ನೋಡಿ, "ನಮ್ಮ ಆಫೀಸಲ್ಲೂ ಒಂದು ಬಿದ್ದಿದೆ" ಎಂದರು. ಮಾವ ಆವತ್ತೇ ಅದನ್ನು ಎಬ್ಬಿಸಿದರು. ಆದರೆ ಭಾಷೆ ಯಾವುದು ಎಂದು ಅದು ಕೇಳಿದಾಗ ನೋಡದೆ ಕೀ ಒತ್ತಿಬಿಟ್ಟಿದ್ದರು. ಆ ಭಾಷೆ ಯಾವ ದೇಶದ್ದೆಂದು ಮಠದ ಗುಮಾಸ್ತರಿಗೆ ಇಂದಿಗೂ ಗೊತ್ತಿಲ್ಲ. ಪಾಪ, ಅದರಲ್ಲಿ ಪ್ರಿಂಟ್ ತೆಗೆಯುವುದನ್ನು ಕಲಿತಿದ್ದಾರೆ.

ನೋಡದೆ ಒತ್ತುವುದು ಮಾವನ ಹಳೆಯ ಚಾಳಿ. ಪೆನ್‌ಡ್ರೈವನ್ನು ಬೂಟ್ ಆಗುವಂತೆ ಮಾಡುವ ಮೊದಲು ಕಂಪ್ಯೂಟರು, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ, ಎಂದು ಕೇಳುತ್ತದೆ. "ಅದು ಸುಮ್ನೆ ಹೆದರ್ಸಕ್ಕೆ ಬುಡು" ಎಂದು ಮಾವ ಹೌದು ಒತ್ತುತ್ತಾರೆ. ಹೀಗೆ ಅವರ ಸ್ನೇಹಿತರೊಬ್ಬರ ಕಾರಿನ ಪೆನ್‌ಡ್ರೈವಿನಲ್ಲಿದ್ದ ಹಾಡುಗಳೆಲ್ಲ ಹೋದವು. ಆ ಗಂಡ ಹೆಂಡತಿ ಅರಸೀಕೆರೆಯವರೆಗೆ ಬಹಳ ವರ್ಷಗಳ ಮೇಲೆ ಮಾತಾಡಿಕೊಂಡು ಹೋದರು. ಬರುವಾಗ ಹೆಂಡತಿ ಬಸ್ಸಿನಲ್ಲಿ ಬಂದರು.

ಇಷ್ಟಕ್ಕೆಲ್ಲ ನಾನೂ ನಕ್ಕವನೇ, ನಮ್ಮ ಮನೆಗೆ ಆ ಚಾಳಿ ಬರುವ ತನಕ.

ಹೋದ ವರ್ಷ ಅಪ್ಪ ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಕರೆದು ಫೋನಿನಲ್ಲಿ ತಮ್ಮ ಮಾತು ಹಿಡಿದುಕೊಳ್ಳಲು ಹೇಳಿದರು. ಅಮ್ಮನ ಬಗ್ಗೆ, ಅವಳ ಎದುರಿಗೆ ಒಂದು ದಿನವೂ ಆಡದ ನಾಲ್ಕು ಒಳ್ಳೆಯ ಮಾತು. ನಡುನಡುವೆ ಕೆಮ್ಮು. "ಈಗ್ಲೇ ಕೇಳಿಸ್ಬ್ಯಾಡ, ನಾಚ್ಕೆ ಆಯ್ತದೆ. ನಾನು ಹೋದ್ಮೇಲೆ" ಎಂದರು. ಫೋನು ತುಂಬಿಹೋಗಿದ್ದರಿಂದ ಅದನ್ನು ಪೆನ್‌ಡ್ರೈವಿಗೆ ಹಾಕಿ, ಬೀರುವಿನಲ್ಲಿದ್ದ ಅಪ್ಪನ ಕನ್ನಡಕದ ಡಬ್ಬಿಯಲ್ಲಿಟ್ಟು, ಫೋನಿನಿಂದ ಅಳಿಸಿದೆ. ವರ್ಷದ ಪೂಜೆಯ ದಿನ ಅಮ್ಮನಿಗೆ ಕೇಳಿಸುವುದೆಂದು ಕಾದೆ. ಯಾರಿಗೂ ಹೇಳಲಿಲ್ಲ.

ಆ ನಡುವೆ ನನ್ನ ಲ್ಯಾಪ್‌ಟಾಪ್ ಕಪ್ಪು ಪರದೆ ತೋರಿಸಿ ನಿಂತಿತು. ಮಾವ ತಮ್ಮದೊಂದು ನಡೆಯುವ ಲ್ಯಾಪ್‌ಟಾಪ್ ಹೊತ್ತು ಶೆಟ್ಟಿಕೆರೆಯ ನಮ್ಮ ಮನೆಗೆ ಬಂದರು. ಕೊರಳಲ್ಲಿದ್ದ ಮೂರೂ ಕೈಕೊಟ್ಟವು. ಕಾಯಿ ಕೀಳುವವರು ಬಂದಿದ್ದರಿಂದ ನಾನು ತೋಟಕ್ಕೆ ಹೋದೆ. ವಾಪಸು ಬಂದಾಗ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿತ್ತು. ಅದರ ಪಕ್ಕದಲ್ಲಿ ಸಿಕ್ಕಿಸಿದ್ದದ್ದು ಅಪ್ಪನ ಪೆನ್‌ಡ್ರೈವ್.

ಇದೆಲ್ಲಿ ಸಿಕ್ಕಿತು ಎಂದೆ. ಅದರಲ್ಲಿ ಏನಿತ್ತು ಎಂಬುದನ್ನೂ ಹೇಳಿದೆ. ಮಾವ ಕೀಬೋರ್ಡಿನಿಂದ ಕೈ ತೆಗೆದರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ಅಮ್ಮ ಕಾಫಿ ಸೋಸುತ್ತಿದ್ದಳು.

"ನಾನೇ ಬೀರು ತಗ್ದು ತಗೊಂಡೆ ಕಣಪ್ಪ. ಕೇಳ್ಬೇಕಾಗಿತ್ತು. ತಪ್ಪಾಯ್ತು" ಎಂದರು.

ಅಮ್ಮನಿಗೆ ಕೇಳಿಸದಂತೆ, ಹಲ್ಲು ಕಚ್ಚಿಕೊಂಡು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಯದು ಇಷ್ಟು: "ಇನ್ಮೇಲೆ ಈ ಮನೆಯ ಯಾವ ವಸ್ತೂನೂ ಮುಟ್ಟಬೇಡಿ." ಮಾವ ಕಾಫಿ ಕುಡಿಯದೆ, ಪೆನ್‌ಡ್ರೈವನ್ನು ಮಾತ್ರ ಬೇಡಿ ತೆಗೆದುಕೊಂಡು ಹೊರಟರು. ಅಳಿಸಿದ್ದನ್ನು ಹುಡುಕಿ ತೆಗೆಯಲು ಅವರು ತುಮಕೂರಿಗೂ ಹೋದರಂತೆ, ಬೆಂಗಳೂರಿಗೂ ಹೋದರಂತೆ. ಏನೂ ಸಿಗಲಿಲ್ಲ.

ವರ್ಷದ ಪೂಜೆ ಬಂತು. ಅಪ್ಪ ಹೇಳಿದ್ದನ್ನು ನೆನಪಿದ್ದಷ್ಟು ನಾನೇ ಬಾಯಲ್ಲಿ ಹೇಳಿದೆ. ಅಮ್ಮ ನಕ್ಕುಬಿಟ್ಟಳು. "ನನ್ನ ಸಮಾಧಾನಕ್ಕೆ ಕಟ್ಟಿ ಹೇಳ್ಬ್ಯಾಡ. ನಿಮ್ಮಪ್ಪ ಹಂಗೆಲ್ಲ ಮಾತಾಡೋ ಆಳಲ್ಲ." ಆ ದನಿ ಇದ್ದಿದ್ದರೆ ನಂಬುತ್ತಿದ್ದಳು. ಪೂಜೆಗೆ ಬಂದು ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಮಾವನತ್ತ ನಾನು ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಅವರೆಕಾಯಿ ಸುಲಿಯುತ್ತಾ ಅಮ್ಮ ಕೇಳಿದಳು: "ಮಾವನ್ನ ಯಾಕೆ ಮಾತಾಡಿಸ್ಲಿಲ್ಲ? ಪಾಪ, ಆವತ್ತು ಎಷ್ಟು ಒದ್ದಾಡಿದ ನಿನ್ನ ಲ್ಯಾಪ್‌ಟಾಪ್‌ಗೆ. ಒಂದು ಪೆನ್‌ಡ್ರೈವ್ ಇದ್ರೆ ಕೊಡಕ್ಕ ಅಂದ. ನಿಮ್ಮಪ್ಪನ ಕನ್ನಡಕದ ಡಬ್ಬೀಲಿತ್ತಲ್ಲ, ನಾನೇ ತೆಗ್ದು ಕೊಟ್ಟೆ. ಅದು ಸರಿಯಾಗಿ ಕೆಲ್ಸ ಮಾಡ್ತಾ?"

"ಮಾಡ್ತಮ್ಮ" ಎಂದೆ.

ಆವತ್ತೇ ಹೊನ್ನವಳ್ಳಿಗೆ ಹೋದೆ. ಮಾವ ಜಗಲಿಯಲ್ಲಿ ಯಾವುದೋ ಕಂಪ್ಯೂಟರು ಬಿಚ್ಚಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಅಮ್ಮ ಹೇಳಿದ್ದನ್ನು ಹೇಳಿದೆ. ಅವರು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದರು.

"ಅದ್ರಲ್ಲಿ ಏನಿತ್ತು ಅಂತ ಅಕ್ಕಂಗೆ ಹೇಳಿಬಿಟ್ಯಾ?"

"ಇಲ್ಲ ಮಾವ."

"ಹೇಳ್ಬ್ಯಾಡ. ನೀನು ಬೈದಿದ್ದನ್ನ ನಾನು ತಡ್ಕೊತೀನಿ. ತನ್ನ ಕೈಯಾರೆ ಕೊಟ್ಟೆ ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಾಕಿಲ್ಲ."

ಕ್ಷಮೆ ಕೇಳಲು ಬಂದವನು ನೆಲದ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಅವರ ಅಂಗೈಗೆ ಹಾಕತೊಡಗಿದೆ. ಕೊನೆಯ ಸ್ಕ್ರೂ ಕೈಗೆ ಬಿದ್ದಾಗ ಮಾವ ಕೇಳಿದರು: "ಊಟ ಮಾಡ್ಕೊಂಡ್ ಬಂದ್ಯಾ?"

ಮಾಡಿಕೊಂಡೇ ಬಂದಿದ್ದೆ. "ಇಲ್ಲ ಮಾವ" ಎಂದೆ.